ಒತ್ತಿ ನೋಡಿದಾಗ ಗೊತ್ತಾಗೋದು ಏನು? ಜೀವಕೋಶದ ಮೆದುತನ ಅಳೆದವರ ಕಥೆ

 

ಇವತ್ತು ನಾನು ಹೇಳಬೇಕು ಅಂತಿರೋದು ಒಂದು ಬಹಳ ಸಣ್ಣ ಕೆಲಸದ ಕಥೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ಮೊನೆಯನ್ನು ಜೀವಂತ ಕೋಶದ ಮೇಲೆ ಮೆಲ್ಲಗೆ ಒತ್ತೋದು, ಅದು ಎಷ್ಟು ಮೆತ್ತಗಿದೆ ಅಂತ ನೋಡೋದು, ಆಮೇಲೆ ಆ ಒತ್ತಿದ ಕ್ಷಣವನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟಿ ಪರೀಕ್ಷೆ ಮಾಡೋದು. ಕೇಳೋಕೆ ಇಷ್ಟೇ. ಆದರೆ ಇದರ ಹಿಂದೆ ನೂರಾ ನಲವತ್ತು ವರ್ಷಗಳ ಚರಿತ್ರೆ ಇದೆ. ಅದರಲ್ಲಿ ಜರ್ಮನಿಯ ಒಬ್ಬ ಹುಡುಗ ವಿಜ್ಞಾನಿ ಬರ್ತಾನೆ, ನಮ್ಮ ಸಿ. ವಿ. ರಾಮನ್ ಬರ್ತಾರೆ, ಅಣೆಕಟ್ಟು ಕಟ್ಟುವ ಎಂಜಿನಿಯರುಗಳು ಬರ್ತಾರೆ, ಕೊನೆಗೆ ಕ್ಯಾನ್ಸರ್ ಕೂಡ ಬರುತ್ತೆ.

ನಾನು ಗೋಕಾಕ ಕಡೆಯಿಂದ ಬಂದವನು. ಒಂದು ಕಡೆ ಹುಕ್ಕೇರಿ, ಇನ್ನೊಂದು ಕಡೆ ಮೂಡಲಗಿ. ಮೂಡಲಗಿ ಮೊದಲು ಗೋಕಾಕ ತಾಲ್ಲೂಕಿನಲ್ಲೇ ಇತ್ತು, ಈಗ ತಾನೇ ಒಂದು ತಾಲ್ಲೂಕು. ಈ ಮೂರೂ ಕಡೆ ಕಬ್ಬು ಬೆಳೀತಾರೆ. ಬೆಲ್ಲದ ಗಾಣದಲ್ಲಿ ನಿಂತು ನೋಡಿದವರಿಗೆ ಗೊತ್ತು: ಕೊಪ್ಪರಿಗೆಯ ಪಾಕ ಹದಕ್ಕೆ ಬಂತೋ ಇಲ್ಲವೋ ಅಂತ ತಿಳಿಯೋಕೆ ಥರ್ಮಾಮೀಟರ್ ಇಡೋದಿಲ್ಲ. ಸ್ವಲ್ಪ ಪಾಕವನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡ್ತಾರೆ. "ಹದಕ್ಕ ಬಂತು" ಅಂದರೆ ಬಂತು. ರೊಟ್ಟಿ ಬಡಿಯುವ ಮುಂಚೆ ಅವ್ವ ಹಿಟ್ಟಿನ ಉಂಡೆಗೆ ಹೆಬ್ಬೆರಳು ಊರಿ ನೋಡೋದೂ ಇದೇ ಕೆಲಸ. ಡಾಕ್ಟರ್ ಗಂಟಿನ ಮೇಲೆ ಬೆರಳಿಟ್ಟು ಒತ್ತಿ ನೋಡೋದೂ ಇದೇ. ಒತ್ತಬೇಕು, ಎಷ್ಟು ಒಳಗೆ ಹೋಯ್ತು ನೋಡಬೇಕು, ಅದರಿಂದ ಒಳಗಿರೋದು ಏನು ಅಂತ ಹೇಳಬೇಕು.

ಇಲ್ಲೊಂದು ಒಗಟು ಇದೆ ನೋಡಿ. ಡಾಕ್ಟರ್ ಕೈಗೆ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಗಟ್ಟಿಯಾಗಿ ಸಿಗುತ್ತೆ. ಆದರೆ ಆ ಗಂಟಿನೊಳಗಿನ ಒಂದೊಂದೇ ಕ್ಯಾನ್ಸರ್ ಕೋಶವನ್ನು ತೆಗೆದು ಒತ್ತಿ ನೋಡಿದವರು, ಅದು ಆರೋಗ್ಯವಂತ ಕೋಶಕ್ಕಿಂತ ಮೆತ್ತಗಿದೆ ಅಂತ ಹೇಳ್ತಾರೆ. ಗಂಟು ಗಟ್ಟಿ, ಕೋಶ ಮೆತ್ತಗೆ. ಎರಡೂ ನಿಜ ಆಗೋಕೆ ಸಾಧ್ಯನಾ? ಪಕ್ಕದ ನಿಪ್ಪಾಣಿ ಅಂದರೆ ತಂಬಾಕಿನ ಪೇಟೆ. ತಂಬಾಕು ತಿಂದು ಬಾಯಲ್ಲಿ ಹುಣ್ಣು, ಗಂಟು ಮಾಡಿಕೊಂಡು ಬೆಳಗಾವಿಯ ಆಸ್ಪತ್ರೆಗೆ ಹೋಗುವ ಜನ ನಮ್ಮ ಕಡೆ ಇದ್ದೇ ಇದ್ದಾರೆ. ನಾಳೆ ಯಾರೋ ಬಂದು "ಕೋಶದ ಮೆದುತನ ಅಳೆದು ಕ್ಯಾನ್ಸರ್ ಹೇಳ್ತೀವಿ" ಅಂದರೆ, ಆ ಅಂಕಿಯನ್ನು ಎಷ್ಟು ನಂಬಬೇಕು ಅಂತ ನಮಗೂ ಗೊತ್ತಿರಬೇಕು ಅಲ್ವಾ? ಅದಕ್ಕೇ ಈ ಕಥೆ.

ಕಥೆ ಶುರುವಾಗೋದು 1880ರ ಡಿಸೆಂಬರಿನಲ್ಲಿ, ಬರ್ಲಿನ್ನಿನಲ್ಲಿ. ಹೈನ್ರಿಚ್ ಹರ್ಟ್ಜ್ ಅಂತ ಇಪ್ಪತ್ಮೂರು ವರ್ಷದ ಯುವಕ, ಹೆಲ್ಮ್‌ಹೋಲ್ಟ್ಸ್ ಎಂಬ ದೊಡ್ಡ ವಿಜ್ಞಾನಿಯ ಕೈಕೆಳಗೆ ಸಹಾಯಕ. ಮುಂದೆ ರೇಡಿಯೋ ಅಲೆಗಳನ್ನು ತೋರಿಸಿಕೊಟ್ಟವರು ಇವರೇ, ನಾವು ಕರೆಂಟಿಗೆ 50 ಹರ್ಟ್ಜ್ ಅಂತೀವಲ್ಲ, ಅದು ಇವರದೇ ಹೆಸರು. ಆದರೆ ಆ ಡಿಸೆಂಬರಿನಲ್ಲಿ ಅವರ ತಲೆಯಲ್ಲಿದ್ದದ್ದು ಗಾಜು. ಎರಡು ಮಸೂರಗಳನ್ನು ಒಂದರ ಮೇಲೊಂದು ಇಟ್ಟರೆ ನಡುವೆ ಬಣ್ಣದ ಉಂಗುರಗಳು ಕಾಣ್ತವೆ, ನ್ಯೂಟನ್ ಉಂಗುರ ಅಂತಾರೆ. ಮಸೂರಗಳನ್ನು ಒತ್ತಿ ಹಿಡಿದರೆ ಗಾಜೇ ಸ್ವಲ್ಪ ಚಪ್ಪಟೆ ಆಗುತ್ತಲ್ಲ, ಆಗ ಉಂಗುರದ ಲೆಕ್ಕ ತಪ್ಪೋದಿಲ್ಲವಾ ಅನ್ನೋದು ಅವರ ಪ್ರಶ್ನೆ. ಕ್ರಿಸ್‌ಮಸ್ ರಜೆಯಲ್ಲಿ ಕೂತು ಲೆಕ್ಕ ಬಿಡಿಸಿದರು. 1881ರ ಜನವರಿಯಲ್ಲಿ ಬರ್ಲಿನ್ನಿನ ಭೌತವಿಜ್ಞಾನ ಸಂಘದ ಮುಂದೆ ಓದಿದರು.

ಹರ್ಟ್ಜ್ ಹೇಳಿದ್ದು ಸರಳವಾಗಿ ಇದು: ಒಂದು ಗುಂಡನ್ನು ಒಂದು ವಸ್ತುವಿನ ಮೇಲೆ ಒತ್ತಿದರೆ, ಅದು ಎರಡರಷ್ಟು ಆಳಕ್ಕೆ ಇಳಿಯೋಕೆ ಎರಡರಷ್ಟು ಬಲ ಸಾಲದು, ಸುಮಾರು 2.8ರಷ್ಟು ಬೇಕು. ಯಾಕಂದರೆ ಗುಂಡು ಇಳಿದಂತೆಲ್ಲ ತಾಕುವ ಜಾಗವೂ ಹಿಗ್ಗುತ್ತಾ ಹೋಗುತ್ತೆ. ಬಲ ಎಷ್ಟು, ಆಳ ಎಷ್ಟು, ಗುಂಡಿನ ಗಾತ್ರ ಎಷ್ಟು ಅಂತ ಗೊತ್ತಿದ್ದರೆ ವಸ್ತುವಿನ ಗಟ್ಟಿತನವನ್ನು ಸೂತ್ರ ಹಾಕಿ ತೆಗೆಯಬಹುದು.

ಆದರೆ ಸೂತ್ರದ ಜೊತೆ ಷರತ್ತುಗಳೂ ಇದ್ದವು. ಕೆಳಗಿನ ವಸ್ತು ಅಳತೆಯಿಲ್ಲದಷ್ಟು ದಪ್ಪ ಇರಬೇಕು. ಒಳಗೆಲ್ಲ ಒಂದೇ ಥರ ಇರಬೇಕು. ಒತ್ತಿದ ಆಳ ಗುಂಡಿನ ಗಾತ್ರಕ್ಕೆ ಹೋಲಿಸಿದರೆ ತೀರಾ ಕಡಿಮೆ ಇರಬೇಕು. ಅಂಟು ಇರಬಾರದು. ಬಲ ತೆಗೆದ ಕೂಡಲೇ ಮೊದಲಿನ ಆಕಾರಕ್ಕೆ ಬರಬೇಕು. ಗಾಜಿಗೆ ಇವೆಲ್ಲ ಹೆಚ್ಚುಕಡಿಮೆ ಸರಿ. ಉಕ್ಕಿಗೂ ಸರಿ. ಹಾಗಾಗಿ ಬಾಲ್ ಬೇರಿಂಗು, ರೈಲಿನ ಗಾಲಿ ಮತ್ತು ಹಳಿ, ಗಿಯರಿನ ಹಲ್ಲು, ಎಲ್ಲದರ ಲೆಕ್ಕಕ್ಕೂ ಹರ್ಟ್ಜ್ ಸೂತ್ರವೇ ಆಧಾರ ಆಯ್ತು.

ಈ ಸೂತ್ರ ಭಾರತಕ್ಕೂ ಬಂತು. ಬೆಂಗಳೂರಿಗೆ ಬರೋಕೆ ಮೊದಲು, ಕೋಲ್ಕತ್ತದಲ್ಲಿದ್ದಾಗ ಸಿ. ವಿ. ರಾಮನ್ ಇದರ ಮೇಲೆ ಕೆಲಸ ಮಾಡಿದ್ದರು. ಬೆಳಕಿನ ಚದುರಿಕೆಗೆ ನೊಬೆಲ್ ಬಂದದ್ದು 1930ರಲ್ಲಿ. ಅದಕ್ಕೆ ಹತ್ತು ವರ್ಷ ಹಿಂದೆ, 1920ರಲ್ಲಿ, ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಹರ್ಟ್ಜ್ ಸಿದ್ಧಾಂತದ ಬಳಕೆಯ ಬಗ್ಗೆ ಅವರ ಲೇಖನ ಬಂತು. ಉಕ್ಕಿನ ಗುಂಡನ್ನು ಬೇರೆ ಬೇರೆ ದಪ್ಪದ ಗಾಜಿನ ಹಲಗೆಗಳ ಮೇಲೆ ಬೀಳಿಸಿ, ಅದು ಎಷ್ಟು ಪುಟಿಯುತ್ತೆ ಅಂತ ನೋಡಿದ ಕೆಲಸ ಅದು. ದಪ್ಪ ಗಾಜಿನ ಮೇಲೆ ಗುಂಡು ಚೆನ್ನಾಗಿ ಪುಟಿಯುತ್ತೆ. ಗಾಜು ತೆಳು ಆದರೆ ಪುಟಿತ ಕಡಿಮೆ ಆಗುತ್ತೆ, ಶಕ್ತಿಯ ಒಂದು ಪಾಲು ಹಲಗೆಯನ್ನು ಅದುರಿಸೋಕೆ ಖರ್ಚಾಗುತ್ತೆ. ಗುಂಡು ಅದೇ, ಗಾಜೂ ಅದೇ, ದಪ್ಪ ಮಾತ್ರ ಬೇರೆ. ಉತ್ತರ ಬೇರೆ. ತಾಕಿದ ಬಿಂದುವಿನಲ್ಲಿ ಆಗೋದು ಆ ಬಿಂದುವಿನ ವಿಷಯ ಮಾತ್ರ ಅಲ್ಲ, ಹಿಂದೆ ಏನಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಎಂಬತ್ತು ವರ್ಷ ಆದಮೇಲೆ ಇದೇ ಮಾತು ಬೇರೆ ವೇಷದಲ್ಲಿ ಬರುತ್ತೆ.

ಮುಂದಿನ ದಶಕಗಳಲ್ಲಿ ಹರ್ಟ್ಜ್ ಹಾಕಿದ ಷರತ್ತುಗಳನ್ನು ಒಂದೊಂದಾಗಿ ಸಡಿಲ ಮಾಡುವ ಕೆಲಸ ನಡೀತು. 1965ರಲ್ಲಿ ಇಯಾನ್ ಸ್ನೆಡನ್ ಅನ್ನುವ ಸ್ಕಾಟ್ಲೆಂಡಿನ ಗಣಿತಜ್ಞ, ಗುಂಡಿನ ಬದಲು ಶಂಕುವಿನ ಮೊನೆ ಒತ್ತಿದರೆ ಏನಾಗುತ್ತೆ ಅಂತ ಎಲ್ಲಾ ಆಕಾರಗಳಿಗೂ ಹೊಂದುವ ಲೆಕ್ಕ ಕೊಟ್ಟರು. 1971ರಲ್ಲಿ ಕೇಂಬ್ರಿಜ್‌ನ ಜಾನ್ಸನ್, ಕೆಂಡಾಲ್, ರಾಬರ್ಟ್ಸ್ ಎಂಬ ಮೂವರು ಅಂಟಿನ ಲೆಕ್ಕ ಕೊಟ್ಟರು. ಮೆತ್ತನೆಯ ರಬ್ಬರನ್ನು ಗಾಜಿಗೆ ತಾಕಿಸಿದರೆ, ಕಡಿಮೆ ಬಲದಲ್ಲಿ ಹರ್ಟ್ಜ್ ಹೇಳಿದ್ದಕ್ಕಿಂತ ಹೆಚ್ಚು ಜಾಗ ಅಂಟಿಕೊಳ್ಳುತ್ತೆ, ಬಲ ಪೂರ್ತಿ ತೆಗೆದರೂ ಬಿಡೋದಿಲ್ಲ. ನಮ್ಮ ಗೋಕಾಕದ ಕರದಂಟನ್ನು ನೋಡಿ. ಹೆಸರಲ್ಲೇ ಅಂಟು ಇದೆ, ಕರಿದ ಅಂಟು. ಬೇಸಿಗೆಯಲ್ಲಿ ಬೆಲ್ಲ ಸ್ವಲ್ಪ ಇಳಿದಾಗ ಬೆರಳಿಟ್ಟು ತೆಗೆದರೆ ತುಣುಕು ಬೆರಳಿನ ಜೊತೆಗೇ ಮೇಲೆ ಬರುತ್ತೆ. ಒತ್ತುವಾಗಿನ ದಾರಿ ಬೇರೆ, ತೆಗೆಯುವಾಗಿನ ದಾರಿ ಬೇರೆ. ಅಂಟಿನ ಲೆಕ್ಕ ಅಂದರೆ ಇದೇ.

ಇನ್ನೊಂದು ಕಡೆ ಗಣಿತದವರಿಗೆ ಬೇರೆಯೇ ತಲೆನೋವು. ಎರಡು ವಸ್ತು ತಾಕುತ್ತವೆ ಅನ್ನೋಣ. ಎಲ್ಲೆಲ್ಲಿ ತಾಕುತ್ತವೆ ಅಂತ ಮೊದಲೇ ಗೊತ್ತಿರೋದಿಲ್ಲ. ತಾಕಿದ ಜಾಗ ಗೊತ್ತಾದರೆ ಒತ್ತಡ ಲೆಕ್ಕ ಹಾಕಬಹುದು, ಒತ್ತಡ ಗೊತ್ತಾದರೆ ತಾಕಿದ ಜಾಗ ಲೆಕ್ಕ ಹಾಕಬಹುದು. ಎರಡೂ ಗೊತ್ತಿಲ್ಲ. ಇಟಲಿಯ ಸಿನ್ಯೋರಿನಿ 1933ರಲ್ಲಿ ಈ ಪ್ರಶ್ನೆಯನ್ನು ಮುಂದಿಟ್ಟರು. ಇದಕ್ಕೆ ಉತ್ತರ ಇದೆ, ಒಂದೇ ಉತ್ತರ ಇದೆ ಅಂತ ಅವರದೇ ಶಿಷ್ಯ ಫಿಕೇರಾ 1963ರಲ್ಲಿ ಸಾಧಿಸಿ ತೋರಿಸಿದರು. ಅದರ ತಿರುಳು ಮೂರೇ ಮಾತು: ಒಂದು ವಸ್ತು ಇನ್ನೊಂದರ ಒಳಗೆ ತೂರಬಾರದು, ತಾಕಿದಲ್ಲಿ ತಳ್ಳಬಹುದು ಆದರೆ ಎಳೆಯಬಾರದು, ತಾಕದೆ ಇದ್ದಲ್ಲಿ ಒತ್ತಡ ಸೊನ್ನೆ. ಇವತ್ತು ಕಂಪ್ಯೂಟರಿನಲ್ಲಿ ಸ್ಪರ್ಶವನ್ನು ಲೆಕ್ಕ ಹಾಕುವ ಪ್ರೋಗ್ರಾಮುಗಳ ಹೊಟ್ಟೆಯೊಳಗೆ ಇರೋದು ಈ ಮೂರು ಮಾತೇ. ಅಂಟು ಇದ್ದರೆ ಎರಡನೆಯ ಮಾತನ್ನು ಸ್ವಲ್ಪ ಬದಲಿಸಿಕೊಳ್ತಾರೆ.

ಹಾಗಾದರೆ ಕಂಪ್ಯೂಟರ್ ಲೆಕ್ಕ ಬಂದದ್ದು ಎಲ್ಲಿಂದ? ವಿಮಾನದ ರೆಕ್ಕೆಯಿಂದ ಮತ್ತು ಅಣೆಕಟ್ಟಿನಿಂದ. ದೊಡ್ಡ ರಚನೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಮನಸ್ಸಿನಲ್ಲೇ ಕತ್ತರಿಸಿ, ಒಂದೊಂದು ತುಂಡಿಗೂ ಸರಳ ಲೆಕ್ಕ ಹಾಕಿ, ಆಮೇಲೆ ಎಲ್ಲ ಸೇರಿಸೋ ವಿಧಾನಕ್ಕೆ 1960ರಲ್ಲಿ ಬರ್ಕ್ಲಿಯ ರೇ ಕ್ಲಫ್ 'ಫೈನೈಟ್ ಎಲಿಮೆಂಟ್' ಅಂತ ಹೆಸರಿಟ್ಟರು. ಅದಾದ ಸ್ವಲ್ಪ ದಿನಕ್ಕೇ, ಅಮೆರಿಕದ ಅರ್ಕಾನ್ಸಾದಲ್ಲಿ ಬಿರುಕು ಬಿಟ್ಟಿದ್ದ ನಾರ್‌ಫೋರ್ಕ್ ಅಣೆಕಟ್ಟಿನ ಒಳಗಿನ ಒತ್ತಡ ನೋಡೋಕೆ ಇದನ್ನು ಬಳಸಿದರು. ನಮ್ಮಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡವಾಗಿ ನಿಂತಿರುವ ಅಣೆಕಟ್ಟನ್ನು ಕಣ್ಮುಂದೆ ತಂದುಕೊಳ್ಳಿ. ಅಂಥ ಒಂದು ಗೋಡೆಯ ಮೇಲೆ ನೀರು ಹೇಗೆ ಒತ್ತುತ್ತೆ ಅಂತ ನೋಡೋಕೆ ಬೆಳೆದ ವಿಧಾನವೇ, ಕೂದಲಿನ ದಪ್ಪಕ್ಕಿಂತ ಸಣ್ಣದಾದ ಕೋಶದ ಮೇಲೆ ಮೊನೆ ಹೇಗೆ ಒತ್ತುತ್ತೆ ಅಂತ ನೋಡೋಕೂ ಬಂತು.

ಇನ್ನು ಮೊನೆಯ ಕಡೆ ಬರೋಣ. 1986ರಲ್ಲಿ ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ ಎಂಬ ಮೂವರು ಹೊಸ ಮೈಕ್ರೋಸ್ಕೋಪ್ ಒಂದನ್ನು ಪ್ರಕಟಿಸಿದರು, ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಚಿಕ್ಕದಾಗಿ ಎಎಫ್‌ಎಂ. ಇದು ಕಣ್ಣಿನಿಂದ ನೋಡುವ ಯಂತ್ರ ಅಲ್ಲ, ಬೆರಳಿನಿಂದ ಸವರಿ ನೋಡುವ ಯಂತ್ರ. ಒಂದು ತುದಿ ಕಟ್ಟಿ, ಇನ್ನೊಂದು ತುದಿ ಬಿಟ್ಟಿರುವ ಸಣ್ಣ ಪಟ್ಟಿ. ಬಿಟ್ಟ ತುದಿಯ ಕೆಳಗೆ ಮೊನೆ. ಮೊದಲ ಯಂತ್ರದಲ್ಲಿ ಚಿನ್ನದ ತೆಳು ಹಾಳೆಗೆ ವಜ್ರದ ಚೂರನ್ನು ಅಂಟಿಸಿದ್ದರು. ಮೊನೆ ಏನನ್ನಾದರೂ ತಾಕಿದರೆ ಪಟ್ಟಿ ಬಾಗುತ್ತೆ. ಈಗಿನ ಯಂತ್ರಗಳಲ್ಲಿ ಪಟ್ಟಿಯ ಬೆನ್ನಿನ ಮೇಲೆ ಲೇಸರ್ ಬಿಟ್ಟು, ಅದು ಎಷ್ಟು ಬಾಗಿತು ಅಂತ ನೋಡ್ತಾರೆ. ಪಟ್ಟಿಯ ಬಿಗಿ ಗೊತ್ತಿದ್ದರೆ ಬಲ ಗೊತ್ತಾಗುತ್ತೆ. ನಮ್ಮ ಸಂತೆಯ ಸ್ಪ್ರಿಂಗ್ ತಕ್ಕಡಿ ಇದ್ದ ಹಾಗೆ.

1990ರ ದಶಕಕ್ಕೆ ಈ ಯಂತ್ರ ನೀರಿನೊಳಗೆ, ಜೀವಂತ ಕೋಶದ ಮೇಲೆ ಇಳೀತು. ಮೊನೆ ತೀರಾ ಚೂಪಾದರೆ ಕೋಶ ಚುಚ್ಚಿಹೋಗುತ್ತೆ ಅಂತ, ಮೊನೆಗೆ ಸಣ್ಣ ಗುಂಡು ಅಂಟಿಸೋದೂ ಶುರುವಾಯ್ತು. ಗುಂಡು ಬಂತು ಅಂದಮೇಲೆ ಸೂತ್ರ ಯಾವುದು? ಹರ್ಟ್ಜ್ ಅವರದ್ದೇ! ಗಾಜಿಗೆ ಅಂತ ಬರೆದ ಸೂತ್ರ ಜೀವಕೋಶಕ್ಕೆ ಬಂತು.

ಅಂಕಿ ಎಷ್ಟು ಸಣ್ಣದು ಅಂತ ನೋಡೋಣ. 5 ಮೈಕ್ರಾನ್ ತ್ರಿಜ್ಯದ ಗುಂಡು, ಅಂದರೆ ಮಿಲಿಮೀಟರಿನ ಇನ್ನೂರನೆಯ ಒಂದು ಪಾಲು. ಕೋಶದ ಗಟ್ಟಿತನ 1000 ಪ್ಯಾಸ್ಕಲ್ ಅಂತ ಇಟ್ಟುಕೊಳ್ಳಿ. ಉಕ್ಕಿನ ಗಟ್ಟಿತನ ಇದರ ಸುಮಾರು ಇಪ್ಪತ್ತು ಕೋಟಿ ಪಟ್ಟು. ಗುಂಡು ಅರ್ಧ ಮೈಕ್ರಾನ್ ಒಳಗೆ ಇಳಿಯಬೇಕಾದರೆ ಹರ್ಟ್ಜ್ ಲೆಕ್ಕದಲ್ಲಿ ಬೇಕಾಗುವ ಬಲ 1.4 ನ್ಯಾನೋನ್ಯೂಟನ್. ಒಂದು ಜೋಳದ ಕಾಳಿನ ತೂಕದ ಸುಮಾರು ಎರಡು ಲಕ್ಷದಲ್ಲಿ ಒಂದು ಪಾಲು. ಇಷ್ಟನ್ನು ಅಳೆಯುವ ಯಂತ್ರ ಮಾಡಿದ್ದೇ ಒಂದು ದೊಡ್ಡ ಮಾತು.

ಬಲ ಅಳೆದದ್ದಾಯ್ತು, ಈಗ ಕ್ಯಾನ್ಸರ್ ಕಡೆ ಬರೋಣ. 1999ರಲ್ಲಿ ಪೋಲೆಂಡಿನ ಮಾವ್ಗೊಜಾತಾ ಲೆಕ್ಕಾ ಮತ್ತು ಜೊತೆಗಾರರು ಮೂತ್ರಕೋಶದ ಕೋಶಗಳನ್ನು ಒತ್ತಿ ನೋಡಿ, ಕ್ಯಾನ್ಸರ್ ಕೋಶಗಳು ಸುಮಾರು ಹತ್ತು ಪಟ್ಟು ಮೆತ್ತಗಿವೆ ಅಂದರು. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ, ರೋಗಿಗಳ ಎದೆಯಲ್ಲಿ ತುಂಬಿಕೊಂಡ ನೀರಿನಿಂದಲೇ ಕೋಶಗಳನ್ನು ತೆಗೆದು ಒತ್ತಿತು. ಹರಡುವ ಕ್ಯಾನ್ಸರಿನ ಕೋಶಗಳು ಉಳಿದ ಕೋಶಗಳಿಗಿಂತ 70 ಪ್ರತಿಶತಕ್ಕೂ ಹೆಚ್ಚು ಮೆತ್ತಗಿದ್ದವು. ಮೆತ್ತಗಿರೋ ಕೋಶ ಸಂದಿಗೊಂದಿಯಲ್ಲಿ ನುಸುಳಿ ಮೈಯೆಲ್ಲ ಹರಡೋದು ಸುಲಭ ಅಂತ ವಿವರಣೆಯೂ ಹೊಂದಿಕೆ ಆಯ್ತು. ಬಣ್ಣ ಹಾಕಿ ನೋಡೋದು ಬೇಡ, ಒತ್ತಿ ನೋಡಿದರೆ ಸಾಕು ಅನ್ನುವ ಆಸೆ ಹುಟ್ಟಿತು.

ಆದರೆ ಅದೇ 1999ರಲ್ಲಿ ಇನ್ನೊಂದು ಲೇಖನ ಬಂದಿತ್ತು. ಕೆವಿನ್ ಕೋಸ್ಟಾ ಮತ್ತು ಫ್ರಾಂಕ್ ಯಿನ್ ಅನ್ನೋರು ಕೋಶವನ್ನು ಒತ್ತಲಿಲ್ಲ. ಒತ್ತುವುದನ್ನು ಕಂಪ್ಯೂಟರಿನಲ್ಲಿ ಕಟ್ಟಿದರು, ಅಂದರೆ ಸಿಮ್ಯುಲೇಷನ್ ಮಾಡಿದರು. ಇದರ ಒಂದು ದೊಡ್ಡ ಲಾಭ ಇದೆ. ಲ್ಯಾಬಿನಲ್ಲಿ ಕೋಶದ ನಿಜವಾದ ಗಟ್ಟಿತನ ಯಾರಿಗೂ ಗೊತ್ತಿಲ್ಲ, ಅದನ್ನೇ ಹುಡುಕ್ತಾ ಇರ್ತೀವಿ. ಕಂಪ್ಯೂಟರಿನಲ್ಲಿ ಹಾಗಲ್ಲ. ಗಟ್ಟಿತನವನ್ನು ನಾವೇ ಹಾಕಿರ್ತೀವಿ. ಹಾಕಿದ್ದು ಗೊತ್ತು. ಈಗ ಒತ್ತಿ, ಬಂದ ಗೆರೆಗೆ ಹರ್ಟ್ಜ್ ಥರದ ಸೂತ್ರ ಹಚ್ಚಿ, ಹಾಕಿದ್ದೇ ವಾಪಸ್ ಬಂತಾ ಅಂತ ನೋಡಬಹುದು. ಹೆಚ್ಚು ಆಳಕ್ಕೆ ಒತ್ತಿದಾಗ, ವಸ್ತು ಒತ್ತಿದಷ್ಟೂ ಬಿಗಿಯಾಗುವಂಥದ್ದಾದಾಗ, ವಾಪಸ್ ಬರಲಿಲ್ಲ. ಸೂತ್ರ ಕೊಟ್ಟ ಅಂಕಿ ಬೇರೆ, ಒಳಗೆ ಹಾಕಿದ ಅಂಕಿ ಬೇರೆ. ಹತ್ತಿ ಅಂಡಿಗೆ ಒತ್ತಿದವರಿಗೆ ಇದು ಹೊಸದಲ್ಲ. ಮೊದಲು ಸಲೀಸಾಗಿ ಒಳಗೆ ಹೋಗುತ್ತೆ, ಆಮೇಲೆ ಕಲ್ಲಾಗುತ್ತೆ. ಹತ್ತಿಯ ಗಟ್ಟಿತನ ಎಷ್ಟು ಅಂತ ಒಂದೇ ಅಂಕಿ ಹೇಳು ಅಂದರೆ ಏನು ಹೇಳೋದು?

ಇಂಥ ಸಿಮ್ಯುಲೇಷನ್ ಹೇಗೆ ಮಾಡ್ತಾರೆ ಅಂತ ಹೇಳಿಬಿಡ್ತೀನಿ. ಮೊದಲು ಕೋಶದ ಆಕಾರ ಬರೀತಾರೆ, ಗಾಜಿನ ಮೇಲೆ ಕೂತ ಅರ್ಧ ಹುರಿದ ಮೊಟ್ಟೆ ಥರ. ಒಳಗೆ ಏನೇನಿದೆ ಅಂತ ತೀರ್ಮಾನ ಮಾಡ್ತಾರೆ: ಹೊರಗೆ ಪೊರೆ, ಪೊರೆಯ ಒಳಮೈಗೆ ಅಂಟಿದ ಆಕ್ಟಿನ್ ನಾರುಗಳ ಬಿಗಿ ಪದರ, ಒಳಗೆ ರಸ, ನಡುವೆ ಕೋಶಕೇಂದ್ರ. ಕೋಶಕೇಂದ್ರ ಸಾಮಾನ್ಯವಾಗಿ ಸುತ್ತಲಿನ ರಸಕ್ಕಿಂತ ಗಟ್ಟಿ. ಇದನ್ನೆಲ್ಲ ಸಾವಿರಾರು ತುಂಡು ಮಾಡ್ತಾರೆ, ಮೊನೆ ತಾಕುವ ಕಡೆ ತುಂಡುಗಳು ಇನ್ನೂ ಸಣ್ಣ. ಆಮೇಲೆ ಮೊನೆಯನ್ನು ಹೆಜ್ಜೆ ಹೆಜ್ಜೆಯಾಗಿ ಇಳಿಸ್ತಾರೆ. ಪ್ರತಿ ಹೆಜ್ಜೆಯಲ್ಲೂ ಸಿನ್ಯೋರಿನಿ ಅವರ ಪ್ರಶ್ನೆ: ಈಗ ಎಲ್ಲಿ ತಾಕಿದೆ, ಎಲ್ಲಿ ಇಲ್ಲ? ಮೊನೆ ಕೋಶದೊಳಗೆ ತೂರಬಾರದು ಅಂತ ನಡುವೆ ಒಂದು ಸುಳ್ಳು ಸ್ಪ್ರಿಂಗ್ ಇಟ್ಟ ಹಾಗೆ ಲೆಕ್ಕ ಮಾಡೋದು ಒಂದು ದಾರಿ. ಸ್ಪ್ರಿಂಗ್ ಸಡಿಲ ಆದರೆ ಮೊನೆ ಒಳಗೆ ತೂರಿಬಿಡುತ್ತೆ. ತೀರಾ ಬಿಗಿ ಆದರೆ ಲೆಕ್ಕವೇ ಅದುರಿ ನಿಂತುಹೋಗುತ್ತೆ. ಕೋಶ ಮೆತ್ತಗಿದ್ದಷ್ಟೂ ಈ ತೊಂದರೆ ಹೆಚ್ಚು, ಒತ್ತಿದ ಕಡೆ ತುಂಡುಗಳು ನುಜ್ಜುಗುಜ್ಜಾಗಿ ತಲೆಕೆಳಗಾಗ್ತವೆ. ಮೇಲಾಗಿ ಕೋಶದ ತುಂಬ ನೀರು, ನೀರು ಕುಗ್ಗೋದಿಲ್ಲ. ಅದನ್ನು ಸರಿಯಾಗಿ ನಿಭಾಯಿಸದಿದ್ದರೆ ಕಂಪ್ಯೂಟರ್ ಕೋಶವನ್ನು ಇಲ್ಲದಷ್ಟು ಗಟ್ಟಿ ಮಾಡಿ ತೋರಿಸುತ್ತೆ.

ಈಗ ರಾಮನ್ ಅವರ ಗಾಜಿನ ಹಲಗೆ ನೆನಪು ಮಾಡಿಕೊಳ್ಳಿ. 2002ರಲ್ಲಿ ಅಮೆರಿಕದ ಡಿಮಿಟ್ರಿಯಾಡಿಸ್ ಮತ್ತು ಜೊತೆಗಾರರು ತೆಳು ಪದರವನ್ನು ಒತ್ತಿದಾಗ ಹರ್ಟ್ಜ್ ಸೂತ್ರಕ್ಕೆ ಎಷ್ಟು ತಿದ್ದುಪಡಿ ಬೇಕು ಅಂತ ಲೆಕ್ಕ ಕೊಟ್ಟರು. ಇದನ್ನು ತಿಳಿಯೋಕೆ ರೊಟ್ಟಿ ಸಾಕು. ಹಿಟ್ಟಿನ ಉಂಡೆಗೆ ಬೆರಳು ಊರಿದರೆ ಮೆತ್ತಗೆ. ಅದೇ ಹಿಟ್ಟನ್ನು ತೆಳ್ಳಗೆ ಬಡಿದ ಮೇಲೆ ಬೆರಳು ಊರಿದರೆ ಗಟ್ಟಿ, ಯಾಕಂದರೆ ಬೆರಳಿಗೆ ಸಿಗೋದು ಹಿಟ್ಟಲ್ಲ, ಕೆಳಗಿನ ಹಲಗೆ. ಆಗ ಹೇಳಿದ ಗುಂಡು, ಅದೇ ಅರ್ಧ ಮೈಕ್ರಾನ್ ಆಳ ಇಟ್ಟುಕೊಂಡು ನಾನು ಈ ತಿದ್ದುಪಡಿ ಹಾಕಿ ನೋಡಿದೆ. ಕೋಶ ಗಾಜಿಗೆ ಅಂಟಿಕೊಂಡಿದ್ದು, 5 ಮೈಕ್ರಾನ್ ದಪ್ಪ ಇದ್ದರೆ, ಬರೀ ಹರ್ಟ್ಜ್ ಸೂತ್ರ ಅದನ್ನು ಒಂದೂವರೆ ಪಟ್ಟು ಗಟ್ಟಿ ಅನ್ನುತ್ತೆ. ಕೋಶದ ಅಂಚಿನಲ್ಲಿ, ಬರೀ 2 ಮೈಕ್ರಾನ್ ದಪ್ಪ ಇರೋ ಕಡೆ, ಮೂರು ಪಟ್ಟು ಗಟ್ಟಿ ಅನ್ನುತ್ತೆ. ಕೋಶ ಅದೇ, ಗಟ್ಟಿತನವೂ ಅದೇ.

ಇದು ಬರೀ ಲೆಕ್ಕದ ಚರ್ಚೆ ಅಲ್ಲ. ಒಂದು ಜಾತಿಯ ಕೋಶ ಗಾಜಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತೆ, ಇನ್ನೊಂದು ದುಂಡಗೆ ಕೂರುತ್ತೆ ಅಂತಿಟ್ಟುಕೊಳ್ಳಿ. ಆಗ ಒಂದು ಗಟ್ಟಿ, ಇನ್ನೊಂದು ಮೆತ್ತಗೆ ಅಂತ ಕಾಣೋದಕ್ಕೆ ಆಕಾರವೇ ಸಾಕು. ರೋಗದ ಗುರುತು ಅಂತ ನಾವು ಓದಿದ್ದು ಆಕಾರದ ಗುರುತು ಆಗಿರಬಹುದು. ಬೇರೆ ಮೂಲೆಗಳೂ ಇವೆ. ಮೊನೆ ಕೋಶವನ್ನು ಯಾವ ಕ್ಷಣ ತಾಕಿತು ಅನ್ನೋದೇ ಮೆತ್ತನೆಯ ವಸ್ತುವಿನಲ್ಲಿ ಸ್ಪಷ್ಟ ಇರೋದಿಲ್ಲ. ಅರ್ಧ ಮೈಕ್ರಾನಿನಲ್ಲಿ 0.1 ಮೈಕ್ರಾನ್ ಆಚೀಚೆ ಆದರೂ ಗಟ್ಟಿತನದ ಅಂಕಿ 40 ಪ್ರತಿಶತದವರೆಗೆ ಬದಲಾಗುತ್ತೆ.

ವೇಗದ ಮಾತೂ ಇದೆ. 2013ರಲ್ಲಿ ಲಂಡನ್ನಿನ ಮುಯೆಂದರ್‌ಬರಿ, ಶರಾ ಮತ್ತು ಜೊತೆಗಾರರು (ಅದರಲ್ಲಿ ಹಾರ್ವರ್ಡ್‌ನ ಎಲ್. ಮಹದೇವನ್ ಕೂಡ ಇದ್ದರು) ಕೋಶದ ಒಳಗು ನೀರು ತುಂಬಿದ ಸ್ಪಂಜಿನ ಹಾಗೆ ನಡೆದುಕೊಳ್ಳುತ್ತೆ ಅಂತ ತೋರಿಸಿದರು. ಮಳೆ ಬಿದ್ದ ಎರೆಮಣ್ಣನ್ನು ಗಬಕ್ಕನೆ ತುಳಿದರೆ ನೀರು ಸರಿದುಹೋಗೋಕೆ ಸಮಯ ಸಿಗೋದಿಲ್ಲ, ಕಾಲಿಗೆ ಗಟ್ಟಿ ಅನ್ನಿಸುತ್ತೆ. ಅಲ್ಲೇ ನಿಂತರೆ ಮೆಲ್ಲಗೆ ಇಳೀತೀವಿ. ಕೋಶವೂ ಹಾಗೆ. ಬೇಗ ಒತ್ತಿದರೆ ಗಟ್ಟಿ, ನಿಧಾನಕ್ಕೆ ಒತ್ತಿದರೆ ಮೆತ್ತಗೆ.

ನಮ್ಮ ರಾಜ್ಯದ ಒಂದು ಕೆಲಸವನ್ನೂ ಇಲ್ಲಿ ಹೇಳಲೇಬೇಕು. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲರ್ಕಟ್ ಅವರ ತಂಡ ನರಕೋಶಗಳ ಮೇಲೆ ಕೆಲಸ ಮಾಡಿದೆ. ಇವರು ಒತ್ತಲಿಲ್ಲ, ಎಳೆದರು. ಕೋಳಿಭ್ರೂಣದ ನರಕೋಶದ ಉದ್ದನೆಯ ಎಳೆಯನ್ನು, ಆಕ್ಸಾನ್ ಅಂತಾರೆ ಅದಕ್ಕೆ, ತೆಳುವಾದ ಆಪ್ಟಿಕಲ್ ಫೈಬರಿನ ತುಂಡಿನಿಂದ ಅಡ್ಡಕ್ಕೆ ಎಳೆದು, ಫೈಬರ್ ಎಷ್ಟು ಬಾಗಿತು ಅಂತ ನೋಡಿ ಬಲ ಲೆಕ್ಕ ಹಾಕಿದರು. ಎಎಫ್‌ಎಂ ಪಟ್ಟಿಯದೇ ತತ್ವ. 2020ರಲ್ಲಿ ಪುಣೆಯ ಐಸರ್ ಮೊದಲಾದ ಸಂಸ್ಥೆಗಳವರ ಜೊತೆ ಪ್ರಕಟಿಸಿದ ಲೇಖನದಲ್ಲಿ ಅವರು ಹೇಳಿದ್ದು: ಆಕ್ಸಾನ್ ಎಳೆದಷ್ಟೂ ಬಿಗಿ ಆಗೋದಿಲ್ಲ, ಸಡಿಲ ಆಗುತ್ತೆ. ಒಳಗಿನ ಸ್ಪೆಕ್ಟ್ರಿನ್ ಎಂಬ ಪ್ರೋಟೀನು ಮಡಿಕೆ ಬಿಚ್ಚಿಕೊಂಡು ಎಳೆತವನ್ನು ನುಂಗಿಕೊಳ್ಳುತ್ತೆ, ಗಾಡಿಯ ಶಾಕ್ ಅಬ್ಸಾರ್ಬರ್ ಹಾಗೆ. ಇಲ್ಲೂ ನೋಡಿ, ಗಟ್ಟಿತನ ಅನ್ನುವುದು ಒಂದೇ ಅಂಕಿ ಅಲ್ಲ. ಎಷ್ಟು ಎಳೆದೆ ಅಂತ ಹೇಳದೆ ಅದಕ್ಕೆ ಅರ್ಥವೇ ಇಲ್ಲ.

2018ರಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಹಲವು ಲ್ಯಾಬುಗಳು ಒಟ್ಟಾಗಿ, ಎಂಸಿಎಫ್-7 ಎಂಬ ಒಂದೇ ಸ್ತನ ಕ್ಯಾನ್ಸರ್ ತಳಿಯ ಕೋಶಗಳನ್ನು ಹಂಚಿಕೊಂಡು, ಎಎಫ್‌ಎಂ ಸೇರಿದಂತೆ ಬೇರೆ ಬೇರೆ ವಿಧಾನಗಳಲ್ಲಿ ಅಳೆದವು. ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಬಂದ ಉತ್ತರ: ಗಟ್ಟಿತನದ ಅಂಕಿಗಳಲ್ಲಿ ಸಾವಿರ ಪಟ್ಟು ವ್ಯತ್ಯಾಸ! ಒಂದೇ ಕೋಶ, ಸಾವಿರ ಪಟ್ಟು. ಯಾರೂ ಮೋಸ ಮಾಡಿರಲಿಲ್ಲ. ಒಬ್ಬರು ಚೂಪು ಮೊನೆಯಲ್ಲಿ ಹೊರಪದರ ಮುಟ್ಟಿದ್ದರು, ಇನ್ನೊಬ್ಬರು ಇಡೀ ಕೋಶ ಅಮುಕಿದ್ದರು, ಒಬ್ಬರು ಬೇಗ, ಒಬ್ಬರು ನಿಧಾನ. ಬಂದ ಬಲ ಮತ್ತು ಆಳದಿಂದ ಗಟ್ಟಿತನ ತೆಗೆಯೋಕೆ ಹಚ್ಚಿದ ಸೂತ್ರವೂ ಬೇರೆ ಬೇರೆ.

ಈ ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಇದು. ಮೈಕ್ರೋಸ್ಕೋಪ್ ಕೋಶದ ಗಟ್ಟಿತನವನ್ನು ಅಳೆಯೋದಿಲ್ಲ. ಅದು ಅಳೆಯೋದು ಬಲ ಮತ್ತು ಆಳ, ಅಷ್ಟೇ. ಗಟ್ಟಿತನ ಅನ್ನೋದು ಆಮೇಲೆ, ತಾಕುವಾಗ ಏನಾಯ್ತು ಅನ್ನುವ ಬಗ್ಗೆ ನಾವು ಕಟ್ಟಿಕೊಂಡ ಲೆಕ್ಕದಿಂದ ಹುಟ್ಟುತ್ತೆ. ಹರ್ಟ್ಜ್ ತಮ್ಮ ಷರತ್ತುಗಳನ್ನು ಮುಚ್ಚಿಡಲಿಲ್ಲ, ಸೂತ್ರದ ಜೊತೆಗೇ ಬರೆದಿಟ್ಟರು. ಸೂತ್ರ ಕೈಯಿಂದ ಕೈಗೆ ಬಂದಹಾಗೆ ಷರತ್ತುಗಳು ಹಿಂದೆ ಉಳಿದವು. ಸಿಮ್ಯುಲೇಷನ್ ಮಾಡಿದವರ ದೊಡ್ಡ ಕೊಡುಗೆ ಹೊಸ ಅಂಕಿ ಕೊಟ್ಟದ್ದಲ್ಲ, ಮರೆತ ಷರತ್ತುಗಳನ್ನು ಮತ್ತೆ ಮೇಜಿನ ಮೇಲೆ ತಂದಿಟ್ಟದ್ದು. ಹಾಗಂತ ಸಿಮ್ಯುಲೇಷನ್ ಕೂಡ ದೇವವಾಣಿ ಅಲ್ಲ. ಗಟ್ಟಿ ಪದರ ಮತ್ತು ಮೆತ್ತನೆ ರಸ ಹಾಕಿದರೂ, ಸ್ವಲ್ಪ ಮೆತ್ತನೆ ಪದರ ಮತ್ತು ಗಟ್ಟಿ ಕೋಶಕೇಂದ್ರ ಹಾಕಿದರೂ ಹೆಚ್ಚುಕಡಿಮೆ ಒಂದೇ ಗೆರೆ ಬರಬಹುದು. ಯಾವುದು ನಿಜ ಅಂತ ಹೇಳೋಕೆ ಮತ್ತೆ ಕೋಶದ ಹತ್ತಿರವೇ ಹೋಗಬೇಕು.

ಹಾಗಾದರೆ ಕ್ಯಾನ್ಸರ್ ಕೋಶ ಮೆತ್ತಗೆ ಅನ್ನೋದು ಸುಳ್ಳಾ? ಅಲ್ಲ. ಒಂದೇ ಲ್ಯಾಬು, ಒಂದೇ ಮೊನೆ, ಒಂದೇ ವೇಗ, ಒಂದೇ ಸೂತ್ರ ಇಟ್ಟುಕೊಂಡು ಎರಡು ಥರದ ಕೋಶ ಹೋಲಿಸಿದಾಗ ಆ ವ್ಯತ್ಯಾಸ ಮತ್ತೆ ಮತ್ತೆ ಕಂಡಿದೆ. ಒಂದೇ ತಕ್ಕಡಿಯಲ್ಲಿ ಎರಡು ಚೀಲ ತೂಗಿ ಯಾವುದು ಹೆಚ್ಚು ಅನ್ನಬಹುದು. ಬೇರೆ ಊರಿನ ಬೇರೆ ತಕ್ಕಡಿಯ ಅಂಕಿ ತಂದು ಪಕ್ಕಕ್ಕಿಟ್ಟರೆ ಕಷ್ಟ.

ಮೊದಲು ಕೇಳಿದ ಒಗಟಿಗೂ ಉತ್ತರ ಇಲ್ಲೇ ಇದೆ. 2012ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪ್ಲೊಡಿನೆಕ್, ಲಿಮ್ ಮತ್ತು ಜೊತೆಗಾರರು ಒಂಟಿ ಕೋಶ ಬಿಟ್ಟು, ಸ್ತನದಿಂದ ತೆಗೆದ ಬಯಾಪ್ಸಿ ತುಂಡುಗಳನ್ನೇ ಸಾವಿರಾರು ಕಡೆ ಒತ್ತಿದರು. ಆರೋಗ್ಯವಂತ ತುಂಡಿನಲ್ಲಿ ಗಟ್ಟಿತನ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಥರ. ಕ್ಯಾನ್ಸರ್ ತುಂಡಿನಲ್ಲಿ ಹಾಗಲ್ಲ, ಕೆಲವು ಕಡೆ ಬಹಳ ಮೆತ್ತಗೆ, ಕೆಲವು ಕಡೆ ಗಟ್ಟಿ. ಕೋಶಗಳು ಮೆತ್ತಗೆ, ಅವುಗಳ ಸುತ್ತ ಬೆಳೆದ ಕೊಲಾಜೆನ್ ನಾರು ಗಟ್ಟಿ. ಡಾಕ್ಟರ ಬೆರಳು ದೊಡ್ಡದು, ಅದಕ್ಕೆ ಸಿಗೋದು ನಾರು. ಮೊನೆ ಸಣ್ಣದು, ಅದಕ್ಕೆ ಸಿಗೋದು ಕೋಶ. ಇಬ್ಬರೂ ನಿಜವನ್ನೇ ಹೇಳ್ತಿದ್ದರು, ಮುಟ್ಟಿದ್ದು ಬೇರೆ ಬೇರೆ.

ಹಾಗಾಗಿ ಮುಂದೆ ಯಾವತ್ತಾದರೂ ಪೇಪರಿನಲ್ಲೋ ಮೊಬೈಲಿನಲ್ಲೋ "ಕೋಶ ಒತ್ತಿ ಕ್ಯಾನ್ಸರ್ ಪತ್ತೆ" ಅಂತ ಸುದ್ದಿ ನೋಡಿದರೆ ಮೂರು ಪ್ರಶ್ನೆ ಕೇಳಿ. ಯಾವುದರಿಂದ ಒತ್ತಿದರು? ಎಷ್ಟು ಆಳಕ್ಕೆ, ಎಷ್ಟು ವೇಗದಲ್ಲಿ? ಅಂಕಿ ತೆಗೆಯೋಕೆ ಹಚ್ಚಿದ ಲೆಕ್ಕ ಆ ಕೋಶಕ್ಕೆ ಹೊಂದುತ್ತಾ? ಈ ಮೂರಕ್ಕೆ ಉತ್ತರ ಇಲ್ಲದ ಅಂಕಿಯನ್ನು ಪಕ್ಕಕ್ಕಿಡಿ. ಮತ್ತೆ ಇನ್ನೊಂದು ಮಾತು, ಇದಕ್ಕೆ ಸೂತ್ರ ಬೇಡ. ಬಾಯಲ್ಲಿ ಮಾಯದ ಹುಣ್ಣೋ, ಮೈಯಲ್ಲಿ ಹೊಸ ಗಂಟೋ ಕಂಡರೆ, ಅದು ಗಟ್ಟಿ ಇರಲಿ ಮೆತ್ತಗಿರಲಿ, ಮನೆಯಲ್ಲೇ ಒತ್ತಿ ನೋಡಿ ತೀರ್ಮಾನ ಮಾಡಬೇಡಿ. ಡಾಕ್ಟರ ಹತ್ತಿರ ಹೋಗಿ ತೋರಿಸಿ, ಬಯಾಪ್ಸಿ ಅಂದರೆ ಮಾಡಿಸಿ.